ಎರಡು ಕೋಟಿ ಹತ್ತು ಲಕ್ಷ ನಾಣ್ಯ, ಕಾವಲಿಗೆ ಯಾರು?

2025ರ ಜುಲೈ. ಹನುಮಂತನಗರದ ಒಂದು ದರ್ಶಿನಿ. ಬೆಳಿಗ್ಗೆ ಏಳೂವರೆಗೆ ಕಾಫಿ ಕುಡಿಯೋಣ ಅಂತ ಹೋದರೆ ಕೌಂಟರ್ ಮೇಲಿದ್ದ ಕ್ಯೂಆರ್ ಕೋಡ್ ಹಲಗೆ ಮಾಯ. ಆ ಜಾಗದಲ್ಲಿ ಹಳೆ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಸ್ಕೆಚ್ ಪೆನ್ನಿನಲ್ಲಿ ಬರೆದು ಅಂಟಿಸಿದ್ದರು: ‘ಫೋನ್‌ಪೇ ಗೂಗಲ್‌ಪೇ ಇಲ್ಲ, ಕ್ಯಾಶ್ ಮಾತ್ರ’. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ಅಂಗಡಿಗಳಿಗೂ ಜಿಎಸ್‌ಟಿ ನೋಟಿಸ್ ಕಳಿಸುತ್ತಿದ್ದ ದಿನಗಳು ಅವು, ನೆನಪಿರಬೇಕಲ್ವಾ. ನನ್ನ ಜೇಬಿನಲ್ಲಿ ಒಂದು ರೂಪಾಯಿ ನಗದಿಲ್ಲ. ಫೋನಿನಲ್ಲಿ ಬ್ಯಾಂಕ್ ಖಾತೆ ಇದೆ, ಅದೇ ಫೋನಿನಲ್ಲಿ ಸ್ವಲ್ಪ ಬಿಟ್‌ಕಾಯಿನ್ ಅನ್ನುವ ಕಂಪ್ಯೂಟರ್ ದುಡ್ಡು ಕೂಡ ಇದೆ. ಎರಡೂ ಸೇರಿ ಒಂದು ಲೋಟ ಕಾಫಿ ಹುಟ್ಟಿಸಲಿಲ್ಲ. ‘ನಾಳೆ ಕೊಡಿ ಸಾರ್, ಎಲ್ಲಿಗೆ ಓಡಿ ಹೋಗ್ತೀರ’ ಅಂದರು ಗಲ್ಲಾ ಮೇಲೆ ಕೂತಿದ್ದವರು. ಅವತ್ತಿನ ಕಾಫಿಗೆ ನಾನು ಕೊಟ್ಟಿದ್ದು ಬರೀ ನನ್ನ ಮುಖಪರಿಚಯ.

ಏಳೆಂಟು ವರ್ಷದಿಂದ ನನ್ನ ಹತ್ತಿರ ಒಂದಿಷ್ಟು ಬಿಟ್‌ಕಾಯಿನ್ ಇದೆ. ಒಂದಿಷ್ಟು ಅಂದರೆ ಒಂದು ನಾಣ್ಯದ ಚೂರುಪಾರು. ಶ್ರೀಮಂತನಾಗಿಲ್ಲ, ಬೀದಿಗೂ ಬಿದ್ದಿಲ್ಲ. ಆದರೆ ಇದನ್ನು ಇಟ್ಟುಕೊಂಡ ಮೇಲೆ ದುಡ್ಡಿನ ಬಗ್ಗೆ ಮೊದಲು ಯಾವತ್ತೂ ಹೊಳೆಯದ ಪ್ರಶ್ನೆಗಳೆಲ್ಲ ತಲೆಗೆ ಬರತೊಡಗಿದವು. ಅದರಲ್ಲಿ ಒಂದು ಮಾತ್ರ ಬಿಡದೆ ಕಾಡುತ್ತೆ. ಬಿಟ್‌ಕಾಯಿನ್ ಪರ ಮಾತಾಡುವವರೆಲ್ಲ ‘ಇದು 2.1 ಕೋಟಿಗಿಂತ ಜಾಸ್ತಿ ಆಗೋದೇ ಇಲ್ಲ’ ಅಂತ ಎದೆ ತಟ್ಟಿಕೊಂಡು ಹೇಳುತ್ತಾರೆ. ಬೆಂಗಳೂರಿನ ಜನಸಂಖ್ಯೆಯೇ ಒಂದೂಕಾಲು ಕೋಟಿ ದಾಟಿದೆ ಅಂತಾರೆ. ತಲೆಗೆ ಎರಡರಂತೆ ಹಂಚಿದರೆ ನಮ್ಮ ಊರಿಗೇ ಸಾಲುವುದಿಲ್ಲ, ಅಷ್ಟು ಕಮ್ಮಿ. ಸರಿ, ಒಪ್ಪಿದೆ. ಅದು ಜಾಸ್ತಿ ಆಗದ ಹಾಗೆ ಕಾಯೋರು ಯಾರು?

ಮೊದಲು ಇದು ಏನು ಅನ್ನೋದನ್ನ ಬೆಂಗಳೂರಿನ ಲೆಕ್ಕದಲ್ಲೇ ಹೇಳಿಬಿಡುತ್ತೇನೆ. ನಮ್ಮೂರಲ್ಲಿ ಸೈಟು ಕೊಳ್ಳೋನಿಗೆ ರೇಟಿಗಿಂತ ದೊಡ್ಡ ಭಯ ಒಂದಿದೆ. ಇದೇ ಸೈಟನ್ನು ಈ ಮಹಾನುಭಾವ ಇನ್ನೆಷ್ಟು ಜನಕ್ಕೆ ಮಾರಿದ್ದಾನೋ ಅನ್ನೋದು. ಅದಕ್ಕೇ ಸಬ್ ರಿಜಿಸ್ಟ್ರಾರ್ ಆಫೀಸಿನಿಂದ ಇ.ಸಿ. (ಸೈಟು ಯಾರಿಂದ ಯಾರಿಗೆ ಹೋಗಿದೆ ಅನ್ನುವ ದಾಖಲೆ) ತೆಗೆಸುತ್ತೇವೆ, ಮದರ್ ಡೀಡ್ ಕೇಳುತ್ತೇವೆ, ವಕೀಲರಿಗೆ ಫೀಸು ಕೊಟ್ಟು ಓದಿಸುತ್ತೇವೆ. ಇಷ್ಟೆಲ್ಲ ಆದ ಮೇಲೂ ರಾತ್ರಿ ನಿದ್ದೆ ಬರುವುದಿಲ್ಲ. ಕಂಪ್ಯೂಟರಿನಲ್ಲಿ ದುಡ್ಡು ಮಾಡೋಕೆ ಹೊರಟವರಿಗೆ ಇದ್ದ ತೊಡಕೂ ಇದೇ. ಒಂದು ಫೋಟೋವನ್ನು ನೂರು ಜನಕ್ಕೆ ಕಳಿಸಬಹುದು, ನನ್ನ ಹತ್ತಿರವೂ ಉಳಿಯುತ್ತೆ. ದುಡ್ಡೂ ಹಾಗೇ ಆದರೆ ಕೆಟ್ಟೆವು. ಅದಕ್ಕೆ ಮಧ್ಯದಲ್ಲಿ ಒಬ್ಬ ಸಬ್ ರಿಜಿಸ್ಟ್ರಾರ್ ಬೇಕೇ ಬೇಕಿತ್ತು, ಅಂದರೆ ಬ್ಯಾಂಕು.

2008ರ ಅಕ್ಟೋಬರ್ 31ರಂದು ಸತೋಶಿ ನಕಾಮೊಟೊ ಅನ್ನುವ ಹೆಸರಿನಲ್ಲಿ ಯಾರೋ ಒಂಬತ್ತು ಪುಟದ ಒಂದು ಬರಹ ಹೊರಬಿಟ್ಟರು. ಆ ಹೆಸರಿನ ಹಿಂದೆ ಯಾರಿದ್ದಾರೆ ಅಂತ ಇವತ್ತಿಗೂ ಖಚಿತವಾಗಿ ಯಾರಿಗೂ ಗೊತ್ತಿಲ್ಲ. ಅದರ ಸಾರ ಇಷ್ಟೇ. ಸಬ್ ರಿಜಿಸ್ಟ್ರಾರ್ ಬೇಡ, ಇಡೀ ಊರಿನ ಇ.ಸಿ. ಎಲ್ಲರ ಮನೆಯಲ್ಲೂ ಇರಲಿ. ಯಾರು ಯಾರಿಗೆ ಕೊಟ್ಟರು ಅನ್ನುವ ಹೊಸ ಪುಟ ಸುಮಾರು ಹತ್ತು ನಿಮಿಷಕ್ಕೊಂದು ಸೇರಲಿ. ಆ ಪುಟ ಸೇರಿಸುವ ಹಕ್ಕು ಬೇಕಾದವರು ಕರೆಂಟು ಖರ್ಚು ಮಾಡಿ ಒಂದು ಲೆಕ್ಕ ಬಿಡಿಸಲಿ, ಮೊದಲು ಬಿಡಿಸಿದವರಿಗೆ ಕೂಲಿಯಾಗಿ ಹೊಸ ನಾಣ್ಯ. ಇದನ್ನೇ ಗಣಿಗಾರಿಕೆ ಅನ್ನುತ್ತಾರೆ. 2009ರ ಜನವರಿ 3ರ ಮೊದಲ ಪುಟದೊಳಗೆ ಆ ದಿನದ ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆಯ ತಲೆಬರಹ ಸೇರಿಸಿದ್ದರು. ಬ್ಯಾಂಕುಗಳಿಗೆ ಎರಡನೇ ಸಲ ಸರ್ಕಾರದ ನೆರವು ಸಿಗಬಹುದು ಅನ್ನುವ ಸುದ್ದಿ ಅದು. ಯಾರ ಮೇಲಿನ ಸಿಟ್ಟು ಅಂತ ಬಿಡಿಸಿ ಹೇಳಬೇಕಿಲ್ಲ.

ಕೂಲಿ ಶುರುವಿನಲ್ಲಿ ಪುಟಕ್ಕೆ 50 ನಾಣ್ಯ. ಪ್ರತಿ 2,10,000 ಪುಟಕ್ಕೊಮ್ಮೆ, ಅಂದರೆ ಹೆಚ್ಚುಕಮ್ಮಿ ನಾಲ್ಕು ವರ್ಷಕ್ಕೊಮ್ಮೆ, ಅದು ಅರ್ಧ ಆಗುತ್ತೆ. 2012ರಲ್ಲಿ 25, 2016ರಲ್ಲಿ 12.5, 2020ರಲ್ಲಿ 6.25, 2024ರ ಏಪ್ರಿಲ್‌ನಲ್ಲಿ 3.125. ಮೊದಲ ಕಂತಿನಲ್ಲಿ ಒಂದು ಕೋಟಿ ಐದು ಲಕ್ಷ, ಎರಡನೆಯದರಲ್ಲಿ ಅದರರ್ಧ, ಮೂರನೆಯದರಲ್ಲಿ ಅದರರ್ಧ. ಹೀಗೆ ಕೂಡುತ್ತಾ ಹೋದರೆ 2.1 ಕೋಟಿಯ ಹತ್ತಿರ ಹತ್ತಿರ ಹೋಗಿ ನಿಲ್ಲುತ್ತೆ, ದಾಟಲ್ಲ. ಕೊನೆಯ ಚೂರು ಬರೋದು 2140ರ ಸುಮಾರಿಗೆ. ಈಗ ದಿನಕ್ಕೆ ಹುಟ್ಟೋದು ಸುಮಾರು 450 ನಾಣ್ಯ. ಇರುವುದಕ್ಕೆ ಹೋಲಿಸಿದರೆ ವರ್ಷಕ್ಕೆ ಶೇಕಡಾ ಒಂದಕ್ಕಿಂತ ಕಮ್ಮಿ. ಚಿನ್ನವೇ ವರ್ಷಕ್ಕೆ ಶೇಕಡಾ ಒಂದೂವರೆಯಿಂದ ಎರಡರಷ್ಟು ಬೆಳೆಯುತ್ತೆ.

ಆದರೆ ಬರೀ ‘ಕಮ್ಮಿ ಇದೆ’ ಅಂದರೆ ಸಾಕಾಗಲ್ಲ. ಕಮ್ಮಿ ಇರೋದು ಬೇಕಾದಷ್ಟಿವೆ, ನಾನು ಮೂರನೇ ಕ್ಲಾಸಿನಲ್ಲಿ ಬರೆದ ಚಿತ್ರಗಳೂ ಜಗತ್ತಿನಲ್ಲಿ ನಾಲ್ಕೇ ಇವೆ. ದುಡ್ಡಾಗಿ ನಿಲ್ಲಬೇಕಾದರೆ, ಬೆಲೆ ಏರಿದಾಗಲೂ ಕಮ್ಮಿಯಾಗಿಯೇ ಉಳಿಯಬೇಕು. ಎಲ್ಲ ಹಳೆಯ ದುಡ್ಡೂ ಎಡವಿದ್ದು ಅಲ್ಲೇ.

‘ಕವಡೆ ಕಾಸಿನ ಕಿಮ್ಮತ್ತಿಲ್ಲ’ ಅಂತ ಬೈಯುತ್ತೇವಲ್ಲ, ಆ ಕವಡೆ ಒಂದು ಕಾಲಕ್ಕೆ ನಿಜವಾದ ದುಡ್ಡು. ಮಾಲ್ಡೀವ್ಸ್ ಸಮುದ್ರದಲ್ಲಿ ಸಿಗುತ್ತಿದ್ದ ಕವಡೆ ಹಡಗಿನಲ್ಲಿ ಬಂಗಾಳಕ್ಕೆ ಬರುತ್ತಿತ್ತು, ಯುರೋಪಿನ ವ್ಯಾಪಾರಿಗಳ ಕೈ ದಾಟಿ ಪಶ್ಚಿಮ ಆಫ್ರಿಕಾದ ಸಂತೆಗಳವರೆಗೂ ಹೋಗುತ್ತಿತ್ತು. ಸಮುದ್ರ ದೂರ ಇದ್ದಷ್ಟು ದಿನ ಅದಕ್ಕೆ ಬೆಲೆ. 19ನೇ ಶತಮಾನದಲ್ಲಿ ವ್ಯಾಪಾರಿಗಳು ಜಾಂಜಿಬಾರ್ ಕಡೆಯ ಅಗ್ಗದ ಕವಡೆಯನ್ನು ಹಡಗು ತುಂಬಾ ತುಂಬಿ ತಂದು ಪಶ್ಚಿಮ ಆಫ್ರಿಕಾದಲ್ಲಿ ಸುರಿದರು. ಅಲ್ಲಿ ಕವಡೆ ಕೂಡಿಟ್ಟಿದ್ದವರ ಮನೆ ಹಾಳಾಯಿತು. ಅಂದರೆ ಕವಡೆಯ ಕಾವಲುಗಾರ ದೂರ. ಹಡಗು ದೊಡ್ಡದಾದ ದಿನ ಕಾವಲು ಮುಗಿಯಿತು.

ಚಿನ್ನದ ಕಾವಲು ಇದಕ್ಕಿಂತ ಗಟ್ಟಿ. ಹೊನ್ನು ಅನ್ನುವ ನಮ್ಮ ಪದವೇ ಲೋಹಕ್ಕೂ ನಾಣ್ಯಕ್ಕೂ ಒಂದೇ ಆಗಿತ್ತು. ‘ಹಣ’ ಅನ್ನೋದೂ ಒಂದು ಪುಟಾಣಿ ಚಿನ್ನದ ನಾಣ್ಯದ ಹೆಸರು, ಮೈಸೂರಿನ ಕಂಠೀರವ ನರಸರಾಜ ಒಡೆಯರ ಕಾಲದ ಹಣವನ್ನು ಮ್ಯೂಸಿಯಂನಲ್ಲಿ ನೋಡಿದರೆ ಬೆರಳ ತುದಿಯಲ್ಲಿ ಕಳೆದೇಹೋಗುವಷ್ಟು ಚಿಕ್ಕದು. ಇದನ್ನು ಕಾಯೋದು ಭೂಮಿ. ಬೆಂಗಳೂರಿನಿಂದ ಪೂರ್ವಕ್ಕೆ ನೂರು ಕಿಲೋಮೀಟರ್ ಹೋದರೆ ಆ ಕಾವಲು ಹೇಗಿರುತ್ತೆ ಅಂತ ಕಣ್ಣಾರೆ ನೋಡಬಹುದು, ಕೆಜಿಎಫ್‌ನಲ್ಲಿ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿ ಅಗೆಯತೊಡಗಿತು. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ತೆಗೆದ ಕರೆಂಟು ಮೊದಲು ಹೋಗಿದ್ದು ಆ ಗಣಿಗೆ, ಸುಮಾರು 150 ಕಿಲೋಮೀಟರ್ ತಂತಿ ಎಳೆದು. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು ಅದಾಗಿ ಮೂರು ವರ್ಷಕ್ಕೆ, 1905ರಲ್ಲಿ. ಬಿಟ್‌ಕಾಯಿನ್‌ಗೆ ಕರೆಂಟು ಸುಡೋದು ದೊಡ್ಡ ಪಾಪ ಅಂತ ಈಗ ಬೈಯುವವರಿಗೆ ಇದನ್ನು ಹೇಳುತ್ತಿರುತ್ತೇನೆ. ನಮ್ಮ ರಾಜ್ಯದಲ್ಲಿ ಊರು ಬೆಳಗುವ ಮೊದಲೇ ದುಡ್ಡು ಅಗೆಯೋಕೆ ಕರೆಂಟು ಹೋಗಿತ್ತು. ಪಾಪ ಅಲ್ಲ ಅಂತೇನೂ ಹೇಳುತ್ತಿಲ್ಲ, ಹೊಸದಲ್ಲ ಅಂತ ಅಷ್ಟೇ.

ಮೂರು ಕಿಲೋಮೀಟರಿಗೂ ಆಳ ಇಳಿದರು. ಇಳಿದಷ್ಟೂ ಬಿಸಿ, ಖರ್ಚು, ಸಾವು. ಒಟ್ಟು ಸುಮಾರು 800 ಟನ್ ಚಿನ್ನ ಸಿಕ್ಕಿತು ಅಂತ ಲೆಕ್ಕ. ಒಂದು ಟನ್ ಕಲ್ಲಿನಲ್ಲಿ ಕೆಲವೇ ಗ್ರಾಂ ಸಿಗುವ ಹಂತಕ್ಕೆ ಬಂದ ಮೇಲೆ ಗಿಟ್ಟಲಿಲ್ಲ, 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿತು. ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಚಿನ್ನದ ರೇಟು ಏರಿದಾಗಲೆಲ್ಲ ಅಲ್ಲಿ ಗುಡ್ಡದ ಹಾಗೆ ಬಿದ್ದಿರುವ ಸಯನೈಡ್ ಮಣ್ಣಿನ ದಿಬ್ಬಗಳಿಂದ ಉಳಿದ ಚಿನ್ನ ತೆಗೆಯುವ ಮಾತು ಮತ್ತೆ ಎದ್ದು ಕೂರುತ್ತೆ. ಐವತ್ತು ಸಾವಿರ ಇದ್ದಾಗ ಬರೀ ಮಣ್ಣು, ಲಕ್ಷ ದಾಟಿದಾಗ ಅದೇ ಮಣ್ಣು ಅದಿರು! ಬೆಲೆ ಏರಿದರೆ ಚಿನ್ನದ ಕಾವಲು ಸ್ವಲ್ಪ ಸಡಿಲ ಆಗುತ್ತೆ ಅನ್ನೋದು ಇದೇ.

ಬಿಟ್‌ಕಾಯಿನ್‌ನಲ್ಲಿ ನನಗೆ ನಿಜವಾಗಿ ಇಷ್ಟವಾದ ಜಾಗ ಇದೊಂದು. ಬೆಲೆ ಹತ್ತು ಪಟ್ಟು ಏರಿ, ಅಗೆಯೋಕೆ ಹತ್ತು ಪಟ್ಟು ಯಂತ್ರ ಬಂದರೂ ನಾಣ್ಯ ಜಾಸ್ತಿ ಹುಟ್ಟಲ್ಲ. ಪ್ರತಿ 2,016 ಪುಟಕ್ಕೆ, ಅಂದರೆ ಎರಡು ವಾರಕ್ಕೊಮ್ಮೆ, ಲೆಕ್ಕ ಎಷ್ಟು ಕಷ್ಟ ಇರಬೇಕು ಅಂತ ತಾನೇ ಸರಿ ಮಾಡಿಕೊಳ್ಳುತ್ತೆ. ಜನ ಜಾಸ್ತಿಯಾದರೆ ಲೆಕ್ಕ ಕಷ್ಟ, ಕಮ್ಮಿಯಾದರೆ ಸುಲಭ. 2021ರಲ್ಲಿ ಚೀನಾ ಗಣಿಗಾರಿಕೆಯನ್ನು ದೇಶದಿಂದ ಓಡಿಸಿದಾಗ ಅರ್ಧದಷ್ಟು ಯಂತ್ರಗಳು ಒಮ್ಮೆಗೇ ಆಫ್ ಆದವು. ಜುಲೈ 3ಕ್ಕೆ ಲೆಕ್ಕದ ಕಷ್ಟ ಸುಮಾರು ಶೇ 28 ಇಳಿಯಿತು, ಉಳಿದವರು ಕೆಲಸ ಮುಂದುವರಿಸಿದರು. ಕೆಜಿಎಫ್‌ನಲ್ಲಿ ಗಣಿಗಾರರು ಜಾಸ್ತಿಯಾದಷ್ಟೂ ಬಂಡೆ ತಾನಾಗಿ ಗಟ್ಟಿಯಾಗಿದ್ದಿದ್ದರೆ ಹೇಗಿರುತ್ತಿತ್ತು, ಹಾಗೆ.

ಹಾಗಾದರೆ ಕಾಯೋದು ಗಣಿತ ಅಂತ ಸುಮ್ಮನಾಗಬಹುದಾ? ನಾನೂ ಎರಡು ವರ್ಷ ಹಾಗೇ ಅಂದುಕೊಂಡಿದ್ದೆ. ಆಮೇಲೆ 2010ರ ಆಗಸ್ಟ್ 15ರ ಕಥೆ ಓದಿದೆ. ಅವತ್ತು ಪ್ರೋಗ್ರಾಮಿನ ಒಂದು ತಪ್ಪಿನ ಸಂದಿಯಲ್ಲಿ ನುಗ್ಗಿ ಯಾರೋ 18,400 ಕೋಟಿ ಬಿಟ್‌ಕಾಯಿನ್ ಹುಟ್ಟಿಸಿಬಿಟ್ಟರು. 2.1 ಕೋಟಿ ಮಿತಿ ಅನ್ನುವ ಜಾಗದಲ್ಲಿ 18,400 ಕೋಟಿ! ಲೆಕ್ಕದ ಪುಸ್ತಕ ಅದನ್ನು ಪಿಟಕ್ ಅನ್ನದೆ ಒಪ್ಪಿಕೊಂಡಿತ್ತು. ಕೆಲವು ಗಂಟೆಯೊಳಗೆ ಕೆಲವರು ಗಮನಿಸಿದರು, ಸತೋಶಿ ತಿದ್ದಿದ ಪ್ರೋಗ್ರಾಮ್ ಬಿಟ್ಟರು, ನಡೆಸುತ್ತಿದ್ದವರೆಲ್ಲ ಅದನ್ನು ಹಾಕಿಕೊಂಡು ಆ ಪುಟವನ್ನೇ ಬಿಟ್ಟು ಹಿಂದಿನಿಂದ ಬರೆಯುತ್ತಾ ಬಂದರು. ಗಣಿತ ತಪ್ಪಿತ್ತು, ಮನುಷ್ಯರು ‘ಇದನ್ನ ನಾವು ಒಪ್ಪಲ್ಲ’ ಅಂದಿದ್ದಕ್ಕೆ ಮಿತಿ ಉಳಿಯಿತು. ಆಗ ಇದ್ದವರು ಬೆರಳೆಣಿಕೆಯ ಜನ, ದುಡ್ಡಿನ ಬೆಲೆಯೂ ಅಷ್ಟಕ್ಕಷ್ಟೆ. ಅದೇ ವರ್ಷ ಮೇ 22ರಂದು ಅಮೆರಿಕದ ಫ್ಲಾರಿಡಾದಲ್ಲಿ ಒಬ್ಬರು ಎರಡು ಪಿಜ್ಜಾಕ್ಕೆ 10,000 ಬಿಟ್‌ಕಾಯಿನ್ ಕೊಟ್ಟಿದ್ದರು. ಹಾಗಾಗಿ ಸಲೀಸಾಗಿ ಆಯಿತು.

ದೊಡ್ಡ ಮೊತ್ತ ಸೇರಿಕೊಂಡ ಮೇಲೂ ಆ ‘ಒಪ್ಪಲ್ಲ’ ಕೆಲಸ ಮಾಡುತ್ತಾ ಅನ್ನೋದಕ್ಕೆ 2017 ನೋಡಬೇಕು. ಪುಟದ ಅಳತೆ ದೊಡ್ಡದು ಮಾಡಬೇಕು ಅಂತ ಐವತ್ತಕ್ಕೂ ಹೆಚ್ಚು ಕಂಪನಿಗಳು, ಗಣಿಗಾರಿಕೆ ಶಕ್ತಿಯ ಬಹುಪಾಲು ಇಟ್ಟುಕೊಂಡಿದ್ದವರು, ಎಲ್ಲ ಕೂತು ಒಪ್ಪಂದ ಮಾಡಿಕೊಂಡಿದ್ದರು. ಇತ್ತ ಮನೆಯಲ್ಲಿ ಹಳೆ ಲ್ಯಾಪ್‌ಟಾಪ್ ಇಟ್ಟುಕೊಂಡು ಲೆಕ್ಕದ ಪುಸ್ತಕ ಕಾಯುತ್ತಿದ್ದ ಸಾಮಾನ್ಯರು ಬಹಳಷ್ಟು ಮಂದಿ ಒಪ್ಪಲಿಲ್ಲ. ಆಗಸ್ಟ್‌ನಲ್ಲಿ ಒಂದು ಗುಂಪು ಬಿಟ್‌ಕಾಯಿನ್ ಕ್ಯಾಶ್ ಅಂತ ಬೇರೆ ಮನೆ ಹೂಡಿತು. ಉಳಿದ ದೊಡ್ಡವರ ಯೋಜನೆಯನ್ನು ನವೆಂಬರ್ 8ರಂದು ಕೈಬಿಟ್ಟರು. ನವೆಂಬರ್ 8! ಸರಿಯಾಗಿ ಒಂದು ವರ್ಷದ ಹಿಂದೆ, 2016ರ ಅದೇ ದಿನ ರಾತ್ರಿ ಎಂಟಕ್ಕೆ ಟಿವಿಯಲ್ಲಿ ಒಂದು ಭಾಷಣ ಕೇಳಿದ್ದೆವು, ಮರುದಿನದ ಹೊತ್ತಿಗೆ ದೇಶದ ನೋಟಿನ ಬೆಲೆಯಲ್ಲಿ ಶೇ 86ರಷ್ಟು ಚಲಾವಣೆಯಿಂದ ಹೊರಗಿತ್ತು. ಗಾಂಧಿ ಬಜಾರಿನ ಎಟಿಎಂ ಮುಂದೆ ನಾನು ನಿಂತ ಕ್ಯೂ ಹೂವಿನಂಗಡಿಗಳನ್ನೆಲ್ಲ ದಾಟಿ ಹೋಗಿತ್ತು. ಒಂದು ದುಡ್ಡಿನ ನಿಯಮವನ್ನು ಒಂದು ಭಾಷಣ ಬದಲಿಸಿತು, ಇನ್ನೊಂದರ ನಿಯಮವನ್ನು ಐವತ್ತು ಕಂಪನಿ ಸೇರಿದರೂ ಅಲುಗಿಸಲಾಗಲಿಲ್ಲ. ಯಾವುದು ಒಳ್ಳೆಯದು ಅಂತ ಅವಸರದಲ್ಲಿ ಹೇಳಬೇಡಿ. ತುರ್ತು ಇದ್ದಾಗಲೂ ಅಲುಗದ ದುಡ್ಡು ಅದು.

ಈಗ ನಮ್ಮ ಮನೆಯಲ್ಲೂ ಒಂದು ಕಾವಲು ಇದೆ. ಟಿವಿ ಸ್ಟ್ಯಾಂಡಿನ ಕೆಳಗೆ ಎಂಟು ವರ್ಷ ಹಳೆಯ ಲ್ಯಾಪ್‌ಟಾಪು, ಪಕ್ಕಕ್ಕೆ ಒಂದು ಟಿಬಿ ಡಿಸ್ಕು. 2009ರಿಂದ ಇವತ್ತಿನವರೆಗಿನ ಪ್ರತಿ ಪುಟ ಅದರಲ್ಲಿದೆ. ಫ್ಯಾನ್ ಸದ್ದು ಜಾಸ್ತಿ ಅಂತ ಹೆಂಡತಿ ಅದರ ಮೇಲೊಂದು ಕಸೂತಿ ಬಟ್ಟೆ ಹಾಕಿದ್ದಾಳೆ, ಬಿಸಿಯಾಗುತ್ತೆ ಅಂತ ನಾನು ತೆಗೆಯುತ್ತೇನೆ, ಅವಳು ಮತ್ತೆ ಹಾಕುತ್ತಾಳೆ. ಒಂದು ಕಮಾಂಡ್ ಕೊಟ್ಟರೆ ಕೆಲವು ನಿಮಿಷ ಗುಯ್‌ಗುಟ್ಟಿ, ಈಗ ಲೆಕ್ಕದಲ್ಲಿರುವ ಒಟ್ಟು ಬಿಟ್‌ಕಾಯಿನ್ ಎಷ್ಟು ಅಂತ ಎಂಟು ದಶಮಾಂಶದವರೆಗೆ ಹೇಳುತ್ತೆ. ಮೊದಲ ಸಲ ಆ ಅಂಕಿ ಪರದೆಯ ಮೇಲೆ ಬಂದಾಗ ಮೈ ಜುಮ್ಮೆಂದಿತು, ಸುಳ್ಳು ಹೇಳಲ್ಲ. ಒಂದು ದುಡ್ಡಿನ ವ್ಯವಸ್ಥೆಯ ಇಡೀ ಖಜಾನೆಯನ್ನು ಲುಂಗಿ ಉಟ್ಟುಕೊಂಡು ಹಾಲ್‌ನಲ್ಲಿ ಕೂತು ಎಣಿಸಿದ್ದೆ. ಇದಕ್ಕೆ ಸಂಬಳ ಇಲ್ಲ. ಕರೆಂಟು ಹೋದರೆ ಕಾವಲೂ ನಿದ್ದೆ ಹೋಗುತ್ತೆ, ಬಂದ ಮೇಲೆ ತಪ್ಪಿದ ಪುಟಗಳನ್ನು ಮತ್ತೆ ಓದಿಕೊಳ್ಳುತ್ತೆ. ನನ್ನಂಥವರು ಜಗತ್ತಿನ ತುಂಬ ಸಾವಿರಾರು ಜನ ಇದ್ದಾರೆ, ಅದೇ ಧೈರ್ಯ.

ಅದೇ ಅಧೈರ್ಯ ಕೂಡ. ನಾವು ಪುಕ್ಕಟೆ ಕಾಯುತ್ತೇವೆ, ಯಂತ್ರ ಓಡಿಸುವವರು ಕೂಲಿಗೆ ಕಾಯುತ್ತಾರೆ. 2028ರ ಸುಮಾರಿಗೆ ಆ ಕೂಲಿ ಮತ್ತೆ ಅರ್ಧ, ಆಮೇಲೆ ಮತ್ತೆ ಅರ್ಧ. ಹೊಸ ನಾಣ್ಯ ನಿಂತ ಮೇಲೆ ಅವರು ಬದುಕಬೇಕಿರೋದು ಜನ ಕೊಡುವ ವರ್ಗಾವಣೆ ಶುಲ್ಕದಲ್ಲಿ ಮಾತ್ರ. ಅಷ್ಟು ಶುಲ್ಕ ಹುಟ್ಟದಿದ್ದರೆ? ಆಗ ಯಾರಾದರೂ ‘ಸ್ವಲ್ಪವೇ ಸ್ವಲ್ಪ ಮಿತಿ ಏರಿಸೋಣ’ ಅನ್ನೋದು ಖಂಡಿತ. ‘ಒಪ್ಪಲ್ಲ’ ಅನ್ನುವವರು ಆಗಲೂ ಇಷ್ಟೇ ಜನ ಇರುತ್ತಾರಾ? 2.1 ಕೋಟಿ ಅನ್ನೋದು ಪ್ರಕೃತಿಯ ನಿಯಮ ಅಂತ ಮಾತಾಡುವವರು ಈ ಜಾಗಕ್ಕೆ ಬಂದಾಗ ಮಾತು ಬದಲಿಸೋದನ್ನ ನೋಡಿದ್ದೇನೆ.

ಇದು ಪುಸ್ತಕದ ಮಾತಾಯಿತು. ದಿನದ ಬದುಕಿನಲ್ಲಿ ಇಂಥ ದುಡ್ಡು ಇಟ್ಟುಕೊಂಡು ಏನು ಮಾಡೋದು?

ಖರ್ಚು ಮಾಡೋಕೆ ಆಗಲ್ಲ, ಅದು ಮೊದಲು. ಬಿಟ್‌ಕಾಯಿನ್ ಜಾಲ ಸೆಕೆಂಡಿಗೆ ಹೆಚ್ಚೆಂದರೆ ಏಳರ ಸುಮಾರು ವ್ಯವಹಾರ ಮುಗಿಸುತ್ತೆ. ಯುಪಿಐ 2025ರ ಆಗಸ್ಟ್ ಒಂದೇ ತಿಂಗಳಲ್ಲಿ 2,000 ಕೋಟಿ ವ್ಯವಹಾರ ದಾಟಿತು, ಭಾಗಿಸಿ ನೋಡಿದರೆ ಸೆಕೆಂಡಿಗೆ ಏಳು ಸಾವಿರಕ್ಕೂ ಜಾಸ್ತಿ. ಸಾವಿರ ಪಟ್ಟು. 2024ರ ಏಪ್ರಿಲ್‌ನಲ್ಲಿ ಕೂಲಿ ಅರ್ಧವಾದ ದಿನ ಒಂದು ವರ್ಗಾವಣೆಗೆ ಸರಾಸರಿ ಶುಲ್ಕವೇ ನೂರು ಡಾಲರ್ ದಾಟಿತ್ತು. ಲೈಟ್ನಿಂಗ್ ಅನ್ನುವ ಮೇಲಿನ ಪದರ ಇದೆ, ಅದರಲ್ಲಿ ಪುಡಿ ಮೊತ್ತ ಕ್ಷಣದಲ್ಲಿ, ಪೈಸೆ ಶುಲ್ಕದಲ್ಲಿ ಹೋಗುತ್ತೆ. ಹನುಮಂತನಗರದ ದರ್ಶಿನಿಯಲ್ಲಿ ಅದನ್ನು ತಗೊಳ್ಳೋರು ಯಾರು ಅನ್ನೋದು ಬೇರೆ ಮಾತು.

ತಗೊಂಡರೂ ತೆರಿಗೆ ಕಾಟ. 2022ರ ಏಪ್ರಿಲ್ 1ರಿಂದ ಇದರ ಲಾಭಕ್ಕೆ ಶೇ 30 ತೆರಿಗೆ, ಮೇಲೆ ಸೆಸ್. ಕೊಂಡ ಬೆಲೆ ಬಿಟ್ಟು ಬೇರೆ ಯಾವ ಖರ್ಚೂ ಕಳೆಯುವಂತಿಲ್ಲ. ಒಂದರಲ್ಲಿ ಲಕ್ಷ ಲಾಭ, ಇನ್ನೊಂದರಲ್ಲಿ ಲಕ್ಷ ನಷ್ಟ ಆಗಿ ಕೈಯಲ್ಲಿ ಸೊನ್ನೆ ಉಳಿದರೂ 31,200 ರೂಪಾಯಿ ಕಟ್ಟಬೇಕು. ಆ ವರ್ಷದ ಜುಲೈನಿಂದ ಒಂದು ಮಿತಿ ಮೇಲಿನ ವರ್ಗಾವಣೆಗೆಲ್ಲ ಶೇ 1 ಟಿಡಿಎಸ್ ಕೂಡ ಸೇರಿತು. ಕಾಫಿಗೆ ಬಿಟ್‌ಕಾಯಿನ್ ಕೊಟ್ಟರೆ ಅದೂ ಒಂದು ಮಾರಾಟವೇ. 2019ರಲ್ಲಿ ಕೊಂಡ ಚೂರು ಇವತ್ತು ಎಷ್ಟಾಗಿತ್ತು, ಲಾಭ ಎಷ್ಟು ಅಂತ ಲೆಕ್ಕ ಬರೆದಿಡಬೇಕು. ದಿನಕ್ಕೆರಡು ಕಾಫಿ ಕುಡಿಯುವವನಿಗೆ ವರ್ಷಕ್ಕೆ ಏಳುನೂರಕ್ಕೂ ಹೆಚ್ಚು ಸಾಲು. ಆಡಿಟರ್ ಫೀಸೇ ಕಾಫಿಗಿಂತ ಜಾಸ್ತಿಯಾಗುತ್ತೆ.

ಸರ್ಕಾರ ಹೀಗೆ ನಡೆದುಕೊಳ್ಳೋದು ಬಿಟ್‌ಕಾಯಿನ್‌ಗೇ ಹೊಸದಾಗಿ ಕಂಡುಕೊಂಡಿದ್ದಲ್ಲ. ತನ್ನ ಕೈಯಲ್ಲಿ ಇಲ್ಲದ ವಿರಳ ದುಡ್ಡನ್ನು ಯಾವ ಸರ್ಕಾರವೂ ಸುಮ್ನೆ ಬಿಟ್ಟಿಲ್ಲ. ಚಿನ್ನ ನಿಯಂತ್ರಣದ ಕಾಲ ಕಂಡ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಕೇಳಿ ನೋಡಿ. 1963ರಲ್ಲಿ ಮೊರಾರ್ಜಿ ದೇಸಾಯಿ ಹಣಕಾಸು ಮಂತ್ರಿಯಾಗಿದ್ದಾಗ 14 ಕ್ಯಾರಟ್‌ಗಿಂತ ಶುದ್ಧವಾದ ಹೊಸ ಒಡವೆ ಮಾಡೋ ಹಾಗೇ ಇರಲಿಲ್ಲ, ಅಕ್ಕಸಾಲಿಗರ ಹೊಟ್ಟೆಗೆ ಹೊಡೆತ ಬಿತ್ತು. 1968ರ ಕಾಯ್ದೆಯಲ್ಲಿ ಚಿನ್ನದ ಗಟ್ಟಿ ಇಟ್ಟುಕೊಳ್ಳೋದಕ್ಕೇ ನಿರ್ಬಂಧ. ಅದು ರದ್ದಾಗಿದ್ದು 1990ರಲ್ಲಿ. ಮರುವರ್ಷವೇ ಡಾಲರ್ ಖಾಲಿಯಾಗಿ ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನ ವಿದೇಶಕ್ಕೆ ಕಳಿಸಿ ಅಡ ಇಟ್ಟಿತು. ಜನ ಇಟ್ಟುಕೊಳ್ಳಬೇಡಿ ಅಂತ ಹೇಳುತ್ತಿದ್ದ ಸರ್ಕಾರಕ್ಕೆ ಕಷ್ಟಕ್ಕೆ ಆಗಿದ್ದೂ ಅದೇ ಹಳದಿ ಲೋಹ. ಇಂಥದ್ದರಲ್ಲಿ 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕು ಕ್ರಿಪ್ಟೋ ವ್ಯವಹಾರಕ್ಕೆ ಬ್ಯಾಂಕಿನ ಬಾಗಿಲು ಮುಚ್ಚಿಸಿದ್ದು ನನಗೆ ಆಶ್ಚರ್ಯ ಅನ್ನಿಸಲಿಲ್ಲ. ಆ ವರ್ಷ ಅಕ್ಟೋಬರ್‌ನಲ್ಲಿ ಓಲ್ಡ್ ಏರ್‌ಪೋರ್ಟ್ ರಸ್ತೆಯ ಕೆಂಪ್ ಫೋರ್ಟ್ ಮಾಲ್‌ನಲ್ಲಿ ಒಂದು ಬಿಟ್‌ಕಾಯಿನ್ ಎಟಿಎಂ ಬಂದಿತ್ತು, ನಾನು ನೋಡೋಣ ಅಂತ ಹೊರಡುವಷ್ಟರಲ್ಲಿ ಪೊಲೀಸರು ಅದನ್ನು ವಶಕ್ಕೆ ತಗೊಂಡು ಹೋಗಿದ್ದರು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ರಿಸರ್ವ್ ಬ್ಯಾಂಕಿನ ಸುತ್ತೋಲೆಯನ್ನು ತಳ್ಳಿಹಾಕಿತು. ಅದಾದ ಮೇಲೂ ಕರ್ನಾಟಕದಲ್ಲಿ ಬಹಳ ಜನ ಬಿಟ್‌ಕಾಯಿನ್ ಅನ್ನುವ ಪದ ಮೊದಲು ಕೇಳಿದ್ದು 2021ರ ಟಿವಿ ಚರ್ಚೆಗಳಲ್ಲಿ, ‘ಹಗರಣ’ ಅನ್ನೋ ಪದದ ಬಾಲವಾಗಿ. ಇವತ್ತಿಗೂ ನೆಂಟರ ಮನೆಯಲ್ಲಿ ಹೇಳಿದರೆ ಮುಖ ಒಂಥರಾ ಮಾಡುತ್ತಾರೆ.

ವಿರಳತೆಗೆ ಇನ್ನೊಂದು ತೂತು ಇದೆ, ಅದರಲ್ಲಿ ನಾನೇ ಕಾಲಿಟ್ಟಿದ್ದೆ. ಮೊದಲು ನಾನು ಕೊಂಡಿದ್ದು ಒಂದು ಆ್ಯಪ್‌ನಲ್ಲಿ. ಹೊರಗೆ ತೆಗೆದು ನನ್ನ ಸ್ವಂತ ಕೀಲಿಗೆ, ಅಂದರೆ ನಾಣ್ಯ ನನ್ನದು ಅಂತ ತೋರಿಸುವ ಗುಟ್ಟಿನ ಸಂಖ್ಯೆಗೆ, ವರ್ಗಾಯಿಸೋಣ ಅಂದರೆ ಅದರಲ್ಲಿ ಆ ಬಟನ್ನೇ ಇರಲಿಲ್ಲ. ಮೇಲ್ ಹಾಕಿದರೆ ‘ಶೀಘ್ರದಲ್ಲೇ’ ಅನ್ನುವ ಉತ್ತರ, ಒಂದೂವರೆ ವರ್ಷ. ನನ್ನ ಪರದೆಯ ಮೇಲೆ ಕಾಣುತ್ತಿದ್ದದ್ದು ಬಿಟ್‌ಕಾಯಿನ್ ಅಲ್ಲವೇ ಅಲ್ಲ, ‘ನಿಮಗೆ ಇಷ್ಟು ಕೊಡಬೇಕಿದೆ’ ಅನ್ನುವ ಒಂದು ಚೀಟಿ. ಚೀಟಿಗೆ ಮಿತಿ ಇಲ್ಲ, ಎಷ್ಟು ಬೇಕಾದರೂ ಬರೆಯಬಹುದು. 2014ರಲ್ಲಿ ಜಪಾನಿನ ಮೌಂಟ್ ಗಾಕ್ಸ್ ಅನ್ನುವ ವಿನಿಮಯ ಕೇಂದ್ರ ಮುಳುಗಿದಾಗ ಜನರದ್ದೂ ಕಂಪನಿಯದ್ದೂ ಸೇರಿ ಲೆಕ್ಕದಲ್ಲಿದ್ದ ಸುಮಾರು ಎಂಟೂವರೆ ಲಕ್ಷ ಬಿಟ್‌ಕಾಯಿನ್ ಪೆಟ್ಟಿಗೆಯಲ್ಲಿ ಇರಲೇ ಇಲ್ಲ (ಎರಡು ಲಕ್ಷ ಆಮೇಲೆ ಸಿಕ್ಕಿತು). ಒಂದೇ ಸೈಟು ನಾಲ್ಕು ಜನಕ್ಕೆ ಮಾರುವ ಹಳೆ ಕಥೆ ಹಿಂಬಾಗಿಲಿನಿಂದ ಬಂದ ಹಾಗಾಯಿತು. ನನ್ನ ಟಿವಿ ಸ್ಟ್ಯಾಂಡಿನ ಕೆಳಗಿನ ಕಾವಲುಗಾರನಿಗೆ ಆ್ಯಪ್‌ನೊಳಗೆ ಏನು ನಡೆಯುತ್ತೆ ಅಂತ ಕಾಣಲ್ಲ. ಕೊನೆಗೆ ಅಲ್ಲಿ ಮಾರಿ, ನಷ್ಟ ನುಂಗಿಕೊಂಡು, ತೆಗೆಯಲು ಬಿಡುವ ಕಡೆ ಮತ್ತೆ ಕೊಂಡೆ.

ನನ್ನ ಗೆಳೆಯರಲ್ಲಿ ಕೆಲವರು ಇಡೀ ಜಗತ್ತೇ ಈ ದುಡ್ಡಿನಲ್ಲಿ ನಡೆಯಬೇಕು ಅನ್ನುತ್ತಾರೆ. ಅವರಿಗೆ ನಾನು ಒಂದು ಲೆಕ್ಕ ಕೊಡುತ್ತೇನೆ. 2015ರ ಜನವರಿಯಲ್ಲಿ ಒಂದು ಬಿಟ್‌ಕಾಯಿನ್ ಹೆಚ್ಚುಕಮ್ಮಿ ಇನ್ನೂರು ಮುನ್ನೂರು ಡಾಲರ್ ನಡುವೆ ಆಡುತ್ತಿತ್ತು. ಆಗ ಹತ್ತು ನಾಣ್ಯ ಸಾಲ ತಗೊಂಡಿದ್ದರೆ ಕೈಗೆ ಬರುತ್ತಿದ್ದದ್ದು ಎರಡು ಲಕ್ಷ ರೂಪಾಯಿಯೊಳಗೆ. ಹತ್ತು ವರ್ಷಕ್ಕೆ, ಬಡ್ಡಿ ಇಲ್ಲದೆ, ಅದೇ ಹತ್ತು ನಾಣ್ಯ ವಾಪಸ್ ಕೊಡಬೇಕಾಗಿದ್ದರೆ ಎಂಟು ಕೋಟಿ ಮೇಲೆ. ಬೆಂಗಳೂರಿನಲ್ಲಿ ಇಪ್ಪತ್ತು ವರ್ಷದ ಹೋಮ್ ಲೋನ್ ಕಟ್ಟುತ್ತಿರುವ ಯಾರನ್ನಾದರೂ ಕೇಳಿ, ಶುರುವಿನಲ್ಲಿ ಬೆನ್ನು ಮುರಿಯುತ್ತಿದ್ದ ಇಎಂಐ ಹತ್ತನೇ ವರ್ಷಕ್ಕೆ ಹಗುರ ಅನ್ನಿಸೋದು ಯಾಕೆ ಅಂತ. ಸಂಬಳ ಏರಿದ್ದು ಒಂದು, ರೂಪಾಯಿ ಕರಗಿದ್ದು ಇನ್ನೊಂದು. ಉಳಿಸುವವನಿಗೆ ಕರಗುವ ದುಡ್ಡು ಶತ್ರು, ಸಾಲ ಮಾಡಿ ಮನೆ ಕಟ್ಟುವವನಿಗೆ ಅದೇ ನೆಂಟ. ನಾವು ಹೆಚ್ಚಿನವರು ಒಂದೇ ಹೊತ್ತಿಗೆ ಎರಡೂ ಆಗಿರುತ್ತೇವೆ. ನನ್ನ ಬಾಡಿಗೆ, ಮಗಳ ಸ್ಕೂಲ್ ಫೀಸು, ತರಕಾರಿ ಎಲ್ಲ ರೂಪಾಯಿಯಲ್ಲೇ ಇರಲಿ, ಅದಕ್ಕೆ ನನ್ನ ತಕರಾರಿಲ್ಲ. 2025ರ ಅಕ್ಟೋಬರ್‌ನಲ್ಲಿ 1.25 ಲಕ್ಷ ಡಾಲರ್ ದಾಟಿ ನವೆಂಬರ್‌ನಲ್ಲೇ 90 ಸಾವಿರದ ಕೆಳಗೆ ಇಣುಕಿದ ವಸ್ತುವಿನಲ್ಲಿ ಬಾಡಿಗೆ ಬರೆದುಕೊಂಡರೆ ಓನರಿಗೂ ನನಗೂ ಜಗಳ ತಪ್ಪಲ್ಲ.

ಕಳೆದ ವರ್ಷ ಅಪ್ಪನಿಗೆ ಆಪರೇಷನ್ ಆಯಿತು. ಮಧ್ಯಾಹ್ನದೊಳಗೆ ದುಡ್ಡು ಕಟ್ಟಬೇಕು. ನನ್ನ ಬಿಟ್‌ಕಾಯಿನ್ ಮಾರಿದರೆ ಬ್ಯಾಂಕಿಗೆ ಬರೋಕೆ ಹೊತ್ತಾಗುತ್ತೆ, ಬೆಲೆಯೂ ಆ ವಾರ ಕುಸಿದಿತ್ತು, ಮೂರರಲ್ಲೊಂದು ಪಾಲು ಲಾಭ ತೆರಿಗೆಗೆ. ಅಮ್ಮ ಏನೂ ಮಾತಾಡದೆ ಕೈಯಿಂದ ನಾಲ್ಕು ಬಳೆ ಬಿಚ್ಚಿಕೊಟ್ಟಳು. ಅಡ ಇಡುವ ಕಡೆ ಒಬ್ಬರು ಬಳೆಯನ್ನು ಒರೆಗಲ್ಲಿನ ಮೇಲೆ ತಿಕ್ಕಿ, ಆ ಗೆರೆ ಮೇಲೆ ಒಂದು ತೊಟ್ಟು ಆ್ಯಸಿಡ್ ಬಿಟ್ಟು, ಕಣ್ಣು ಕಿರಿದು ಮಾಡಿ ನೋಡಿದರು. ತೂಕ ಹಾಕಿದರು. ಮುಕ್ಕಾಲು ಪಾಲು ಬೆಲೆ ಅರ್ಧ ಗಂಟೆಯೊಳಗೆ ಖಾತೆಗೆ ಬಂತು. ಕಂಠೀರವ ಹಣದ ಕಾಲದಲ್ಲೂ ಹೆಚ್ಚುಕಮ್ಮಿ ಹೀಗೇ ಒರೆ ಹಚ್ಚಿ ನೋಡುತ್ತಿದ್ದಿರಬೇಕು. ಆರು ತಿಂಗಳು ಬಿಟ್ಟು ಬೆಲೆ ಚೇತರಿಸಿಕೊಂಡ ಮೇಲೆ ಸ್ವಲ್ಪ ಬಿಟ್‌ಕಾಯಿನ್ ಮಾರಿ, ತೆರಿಗೆ ಎತ್ತಿಟ್ಟು, ಉಳಿದಿದ್ದರಲ್ಲಿ ಬಳೆ ಬಿಡಿಸಿಕೊಂಡು ಬಂದೆ.

ಬಳೆಯನ್ನು ಬೀರುವಿನಲ್ಲಿಡುವಾಗ ಅಮ್ಮನಿಗೆ ರೇಷ್ಮೆ ಸೀರೆಗಳ ಕೆಳಗೆ ಒಂದು ಮಡಿಸಿದ ಹಾಳೆ ಸಿಕ್ಕಿತು. ಕೀಲಿಯನ್ನು ಮತ್ತೆ ಹುಟ್ಟಿಸಿಕೊಡುವ 24 ಪದಗಳನ್ನು ನಾನೇ ಬರೆದಿಟ್ಟಿದ್ದ ಹಾಳೆ. 2,048 ಇಂಗ್ಲಿಷ್ ಪದಗಳ ಪಟ್ಟಿಯಿಂದ ಆರಿಸಿದ 24 ಪದ, ಇದೇ ಕ್ರಮದಲ್ಲಿ. ಕಳೆದರೆ ನನ್ನದೆಲ್ಲ ಹೋಯಿತು, ಜಗತ್ತಿನಲ್ಲಿ ಯಾವ ಆಫೀಸಿಗೂ ಅರ್ಜಿ ಹಾಕುವಂತಿಲ್ಲ. ಪಟ್ಟಿಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಸಕ್ಕರೆ ಎಲ್ಲದರ ಇಂಗ್ಲಿಷ್ ಹೆಸರೂ ಇವೆ, ನನ್ನ ಹಾಳೆಯಲ್ಲಿ ಯಾವುದಿದೆ ಅಂತ ಹೇಳಲ್ಲ. ಅಮ್ಮ ಕನ್ನಡಕ ಏರಿಸಿಕೊಂಡು ಓದಿದಳು.

‘ಇದೇನೋ ಇದು, ಸಾಮಾನಿನ ಚೀಟಿ ಇಲ್ಲಿಟ್ಟಿದ್ದೀಯ? ದೀಪಾವಳಿಗೆ ಬೀರು ಕ್ಲೀನ್ ಮಾಡ್ದಾಗ ಬಿಸಾಕೋಣ ಅಂದ್ಕೊಂಡಿದ್ದೆ.’

ಉಸಿರು ನಿಂತ ಹಾಗಾಯಿತು. ಅದೇ ದುಡ್ಡಮ್ಮ, ನಿನ್ನ ಬಳೆ ಬಿಡಿಸಿದ್ದು ಇದರಲ್ಲೇ ಅಂದೆ. ಅವಳು ಹಾಳೆಯನ್ನು ತಿರುಗಿಸಿ ಹಿಂದೆ ನೋಡಿದಳು, ಅಲ್ಲಿ ಏನೂ ಇರಲಿಲ್ಲ.

‘ಇದನ್ನ ಅಡ ಇಟ್ರೆ ಎಷ್ಟು ಕೊಡ್ತಾರೆ?’

‘ಇಲ್ಲಿ ಯಾರೂ ಇಟ್ಕೊಳಲ್ಲ ಅಮ್ಮ.’

ಹೂಂ ಅಂದು, ಹಾಳೆಯನ್ನು ಮಡಿಸಿ ಬಳೆ ಡಬ್ಬಿಯ ಒಳಗೇ ಹಾಕಿ, ಬೀರುವಿನ ಬೀಗದಕೈಯನ್ನು ಎಂದಿನಂತೆ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಅಡುಗೆಮನೆಗೆ ಹೋದಳು.